ಶೇರ್ಡ್ ಫೋಲ್ಡರ್ ಸಿಂಕ್ ಆಗ್ತಿಲ್ವಾ? ನೆಟ್ ಬೈಯೋಕೆ ಮುಂಚೆ ಪರ್ಮಿಷನ್ ನೋಡಿ

ಅಕ್ಟೋಬರ್ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರು. "ಫೋಲ್ಡರಲ್ಲಿ ಹಾಕಿದೀನಿ, ಅವರಿಗೆ ಕಾಣ್ತಿಲ್ವಂತೆ", "ಸೇವ್ ಕೊಟ್ರೆ ಏನೋ ಎರರ್", "ನಿನ್ನೆ ರಾತ್ರಿ ಇದ್ದ ಲೇಖನ ಬೆಳಗ್ಗೆ ಇಲ್ಲ". ನಮ್ಮ ಸಂಘದ ರಾಜ್ಯೋತ್ಸವ ಸಂಚಿಕೆಗೆ ಬರೆಯೋರು, ಕರಡು ತಿದ್ದೋರು, ಫೋಟೋ ಕಳ್ಸೋರು, ಪುಟ ಕಟ್ಟೋರು ಅಂತ ಒಟ್ಟು 14 ಜನ ಇದೀವಿ, ಎಲ್ಲರಿಗೂ ಸೇರಿ ಒಂದೇ ಗೂಗಲ್ ಡ್ರೈವ್ ಫೋಲ್ಡರು, ಅದನ್ನ ನೋಡ್ಕೊಳ್ಳೋದು ನನ್ನ ಜವಾಬ್ದಾರಿ. ಇಷ್ಟು ದಿನದಲ್ಲಿ ನನಗೆ ಮನವರಿಕೆ ಆಗಿರೋದು ಏನಂದ್ರೆ, ಸಿಂಕ್, ಅಂದ್ರೆ ಕಂಪ್ಯೂಟರಿನ ಫೋಲ್ಡರೂ ಆನ್‌ಲೈನ್ ಫೋಲ್ಡರೂ ತಾವಾಗೇ ಒಂದೇ ಥರ ಆಗೋದು, ಕೆಟ್ಟೋಗಿದೆ ಅಂತ ಬರೋ ದೂರುಗಳಲ್ಲಿ ಬಹಳಷ್ಟು ಸಲ ಸಿಂಕ್ ಕೆಟ್ಟಿರೋದೇ ಇಲ್ಲ. ಬಾಗಿಲಿಗೆ ಬೇರೆ ಕೀಲಿ ಹಾಕಿ ತಿರುಗಿಸ್ತಾ ಇರ್ತೀವಿ ಅಷ್ಟೆ.

ಅದಕ್ಕೇ ಯಾರೇ ಫೋನ್ ಮಾಡಿದ್ರೂ ನಾನು ಮೂರು ಪ್ರಶ್ನೆ ಕೇಳ್ತೀನಿ. ನೀವೀಗ ಯಾವ ಅಕೌಂಟಲ್ಲಿ ಇದೀರಾ? ಆ ಫೈಲು ಯಾರದು? ನಿಮಗೆ ಅದ್ರಲ್ಲಿ ನೋಡೋ ಅಧಿಕಾರ ಇದ್ಯಾ, ತಿದ್ದೋ ಅಧಿಕಾರ ಇದ್ಯಾ? ಕೆಳಗೆ ಬರೆದಿರೋದೆಲ್ಲ ಈ ಮೂರರ ಸುತ್ತಾನೇ ಸುತ್ತೋದು. ಹೆಚ್ಚಾಗಿ ಗೂಗಲ್ ಡ್ರೈವ್ ಲೆಕ್ಕದಲ್ಲಿ ಬರ್ದಿದೀನಿ, ಆಫೀಸಲ್ಲಿ ಮೈಕ್ರೋಸಾಫ್ಟಿನ ಒನ್‌ಡ್ರೈವ್, ಶೇರ್‌ಪಾಯಿಂಟ್ ಬಳಸೋರಿಗೆ ಬೇಕಾದ್ದು ಅಲ್ಲಲ್ಲೇ ಸೇರಿಸಿದೀನಿ.

ಏನನ್ನೂ ಮುಟ್ಟೋ ಮುಂಚೆ ಒಂದು ಕಾಪಿ

ಇದನ್ನ ದಯವಿಟ್ಟು ಬಿಟ್ಟು ಮುಂದಕ್ಕೆ ಹೋಗ್ಬೇಡಿ. ಅಪ್ಲೋಡ್ ಆಗದೇ ನಿಂತಿರೋ ಫೈಲು ಅಂದ್ರೆ ಆ ಕೆಲಸ ಇಡೀ ಜಗತ್ತಲ್ಲಿ ನಿಮ್ಮ ಆ ಒಂದು ಕಂಪ್ಯೂಟರಲ್ಲಿ ಮಾತ್ರ ಇದೆ ಅಂತ ಅರ್ಥ. ಆಗ ಸೈನ್ ಔಟ್ ಮಾಡೋದು, ಅಕೌಂಟ್ ಡಿಸ್ಕನೆಕ್ಟ್ ಮಾಡೋದು, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡೋದು, ಫೋಲ್ಡರ್ ಅಳಿಸಿ ಮತ್ತೆ ಇಳಿಸ್ಕೊಳ್ಳೋದು ಇವೆಲ್ಲ ಅಪಾಯ.

ನನ್ನ ಕೈಯಿಂದಲೇ ಇದು ಆಗಿದೆ. ನಮ್ಮಲ್ಲಿ ನಿವೃತ್ತ ಟೀಚರೊಬ್ರು ಊರಿನ ಕೆರೆಗಳ ಬಗ್ಗೆ ಲೇಖನ ಬರೀತಿದ್ರು, ಎರಡು ರಾತ್ರಿ ಕೂತು ಹನ್ನೊಂದು ಪುಟ ತಿದ್ದಿದ್ರು, ಅಪ್ಲೋಡ್ ಆಗ್ತಿಲ್ಲ ಅಂತ ಫೋನ್ ಮಾಡಿದಾಗ ನಾನು ಅವಸರದಲ್ಲಿ "ಡಿಸ್ಕನೆಕ್ಟ್ ಮಾಡಿ ಮತ್ತೆ ಲಾಗಿನ್ ಆಗಿ ಅಮ್ಮ" ಅಂದೆ. ಅವರು "ಏನೋ ಕೇಳ್ತಿದೆಯಪ್ಪ, ಇನ್ನೂ ಸೇರದ ಫೈಲು ಅಂತ ಏನೋ ಇದೆ" ಅಂತ ಓದೋಕೆ ಶುರು ಮಾಡಿದ್ರು, ನಾನು ಪೂರ್ತಿ ಕೇಳಿಸ್ಕೊಳ್ದೆ ಓಕೆ ಒತ್ತಿ ಅಂದ್ಬಿಟ್ಟೆ. ಲಾಗಿನ್ ಆದ್ಮೇಲೆ ಫೋಲ್ಡರಲ್ಲಿ ಇದ್ದಿದ್ದು ಹಳೇ ಕರಡು. ಅವರು ಒಂದು ಮಾತೂ ಅನ್ಲಿಲ್ಲ, ಮೂರನೇ ರಾತ್ರಿ ಮತ್ತೆ ಕೂತು ನೆನಪಿಂದ ಬರೆದ್ರು, ಬರೆಯೋವಾಗ ಕೋಡಿ ಹರಿದ ವರ್ಷದ ಒಂದು ಪ್ಯಾರಾ ಮೊದಲಿನ ಹಾಗೆ ಬರ್ಲಿಲ್ಲ ಅಂತ ಆಮೇಲೆ ಹೇಳಿದ್ರು. ಆ ಮಾತು ನನಗಿನ್ನೂ ಮರ್ತಿಲ್ಲ.

ಕಾಪಿ ಮಾಡೋವಾಗ ಎರಡು ವಿಷಯ ಗಮನದಲ್ಲಿರ್ಲಿ. ಒಂದು, ಕಾಪಿನ ಡೆಸ್ಕ್‌ಟಾಪ್ ಮೇಲೋ ಡಾಕ್ಯುಮೆಂಟ್ಸ್ ಒಳಗೋ ಹಾಕ್ಬೇಡಿ, ಎಷ್ಟೋ ಕಂಪ್ಯೂಟರಲ್ಲಿ ಆ ಜಾಗಗಳೇ ಒನ್‌ಡ್ರೈವ್‌ಗೋ ಗೂಗಲ್‌ಗೋ ಸಿಂಕ್ ಆಗ್ತಿರುತ್ತೆ, ಪೆನ್‌ಡ್ರೈವ್ ಒಳ್ಳೇದು. ಎರಡನೇದು ಬಹಳ ಜನಕ್ಕೆ ಗೊತ್ತಿಲ್ಲ, ಗೂಗಲ್ ಡಾಕ್ಸ್ ಮತ್ತೆ ಶೀಟ್ಸ್ ಫೈಲುಗಳು ಕಂಪ್ಯೂಟರಿನ ಫೋಲ್ಡರಲ್ಲಿ ಕಂಡ್ರೂ ಅದರೊಳಗೆ ಬರಹ ಇರಲ್ಲ, ಆನ್‌ಲೈನಲ್ಲಿರೋ ಡಾಕ್ಯುಮೆಂಟಿಗೆ ದಾರಿ ತೋರ್ಸೋ ಚಿಕ್ಕ ಚೀಟಿ ಮಾತ್ರ ಅದು, ಪೆನ್‌ಡ್ರೈವಿಗೆ ಹಾಕ್ಕೊಂಡ್ರೆ ಚೀಟಿ ಹೋಗುತ್ತೆ, ಲೇಖನ ಹೋಗಲ್ಲ. ಅಂಥದ್ದನ್ನ ಬ್ರೌಸರಲ್ಲಿ ತೆಗೆದು ಫೈಲ್ ಮೆನುಲಿ ಡೌನ್‌ಲೋಡ್ ಕೊಟ್ಟು ವರ್ಡ್ ರೂಪದಲ್ಲೋ ಪಿಡಿಎಫ್ ರೂಪದಲ್ಲೋ ಇಳಿಸ್ಕೊಳ್ಳಿ.

ಎರಡು ನಿಮಿಷದ ಪರೀಕ್ಷೆ

ಕಾಪಿ ಆಯ್ತಾ, ಈಗ ಬ್ರೌಸರ್ ತೆಗೆದು ಡ್ರೈವ್ ಸೈಟಿಗೆ ಹೋಗಿ ಅದೇ ಶೇರ್ಡ್ ಫೋಲ್ಡರ್ ಒಳಗೆ ಸಣ್ಣದೊಂದು ಫೋಟೋನೋ ಟೆಕ್ಸ್ಟ್ ಫೈಲೋ ಅಪ್ಲೋಡ್ ಮಾಡಿ ನೋಡಿ. ಬ್ರೌಸರಲ್ಲಿ ಹೋಯ್ತು, ಕಂಪ್ಯೂಟರಿನ ಫೋಲ್ಡರಿಂದ ಮಾತ್ರ ಹೋಗ್ತಿಲ್ಲ ಅಂದ್ರೆ ನಿಮ್ಮ ಪರ್ಮಿಷನ್ ಬಹುತೇಕ ಸರಿ ಇದೆ, ತೊಂದ್ರೆ ಆ ಕಂಪ್ಯೂಟರಲ್ಲೋ ಅಲ್ಲಿ ಲಾಗಿನ್ ಆಗಿರೋ ಅಕೌಂಟಲ್ಲೋ ಇದೆ. ಬ್ರೌಸರಲ್ಲೂ ಹೋಗ್ಲಿಲ್ಲ ಅಂದ್ರೆ ಅಧಿಕಾರ ಇಲ್ಲ, ಇಲ್ಲಾಂದ್ರೆ ಜಾಗ ಇಲ್ಲ. ಈ ಒಂದು ಪರೀಕ್ಷೆ ಅರ್ಧ ದಾರಿ ಉಳಿಸುತ್ತೆ, ನಾನು ಬೇರೆ ಏನೇ ಬಿಟ್ರೂ ಇದನ್ನ ಬಿಡಲ್ಲ.

ಹಾಗೇ ಎಲ್ಲರಿಗೂ ಒಟ್ಟಿಗೇ ನಿಂತೋಗಿದೆ ಅಂದ್ರೆ ನಿಮ್ಮ ಸೆಟ್ಟಿಂಗ್ಸ್ ಕೆದಕಬೇಡಿ. ಗೂಗಲ್ ವರ್ಕ್‌ಸ್ಪೇಸ್‌ಗೂ ಮೈಕ್ರೋಸಾಫ್ಟ್‌ಗೂ ಸೇವೆ ನಡೀತಿದ್ಯಾ ಅಂತ ತೋರ್ಸೋ ಸ್ಟೇಟಸ್ ಪೇಜ್ ಇದೆ, ಅದನ್ನ ನೋಡಿ ಒಂದು ಗಂಟೆ ಕಾಯಿರಿ.

"ಯು ನೀಡ್ ಆಕ್ಸೆಸ್" ಅಂತ ಬರ್ತಿದೆ

ಲಿಂಕ್ ಒತ್ತಿದ ತಕ್ಷಣ ಈ ಪುಟ ಬಂದ್ರೆ ಜನ ಮೊದ್ಲು ಮಾಡೋದು ರಿಕ್ವೆಸ್ಟ್ ಆಕ್ಸೆಸ್ ಬಟನ್ ಒತ್ತೋದು. ಸ್ವಲ್ಪ ತಡೀರಿ. ಆ ಪುಟದಲ್ಲೇ ನೀವು ಯಾವ ಇಮೇಲಲ್ಲಿ ಇದೀರಾ ಅಂತ ಬರೆದಿರುತ್ತೆ, ಅದನ್ನ ಅಕ್ಷರ ಅಕ್ಷರ ಓದಿ. ಒಬ್ಬೊಬ್ಬರ ಹತ್ರ ಈಗ ಮೂರ್ನಾಲ್ಕು ಅಕೌಂಟು, ಸ್ವಂತದ್ದು, ಆಫೀಸಿಂದು, ಮಗನ ಸ್ಕೂಲಿಂದು, ಹೊಸ ಫೋನ್ ತಗೊಂಡಾಗ ಅಂಗಡಿಯವ್ರು ಮಾಡಿಕೊಟ್ಟಿದ್ದು. ನಿಮ್ಮನ್ನ ಸೇರಿಸಿರೋದು ಒಂದಕ್ಕೆ, ಬ್ರೌಸರ್ ತೆಗೆದಿರೋದು ಇನ್ನೊಂದರಲ್ಲಿ.

ಖಚಿತ ಮಾಡ್ಕೊಳ್ಳೋಕೆ ಸುಲಭದ ದಾರಿ ಅಂದ್ರೆ ಇನ್‌ಕಾಗ್ನಿಟೋ ವಿಂಡೋ ತೆಗೆದು ಅಲ್ಲಿ ನಿಮ್ಮನ್ನ ಸೇರಿಸಿರೋ ಅಕೌಂಟೊಂದ್ರಲ್ಲೇ ಲಾಗಿನ್ ಆಗಿ ಅದೇ ಲಿಂಕ್ ಹಾಕಿ. ತೆರೀತು ಅಂದ್ರೆ ರೋಗ ಸಿಕ್ತು. ಆಮೇಲೆ ಮಾಮೂಲಿ ಬ್ರೌಸರಲ್ಲಿ ಒಂದೊಂದು ಅಕೌಂಟಿಗೆ ಒಂದೊಂದು ಕ್ರೋಮ್ ಪ್ರೊಫೈಲ್ ಮಾಡ್ಕೊಂಡ್ಬಿಡಿ, ಇದು ಖಾಯಂ ಪರಿಹಾರ. ಜಿಮೇಲ್ ವಿಳಾಸದಲ್ಲಿ ಚುಕ್ಕಿ ಇದ್ರೂ ಇಲ್ದಿದ್ರೂ ಒಂದೇ ಲೆಕ್ಕ, ಆದ್ರಿಂದ ಚುಕ್ಕಿ ಬಗ್ಗೆ ತಲೆ ಕೆಡಿಸ್ಕೋಬೇಡಿ, ಆದ್ರೆ ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೆ ಅದು ಬೇರೆ ಯಾರದೋ ವಿಳಾಸ, ನಮ್ಮ ಹೆಸರುಗಳನ್ನ ಇಂಗ್ಲಿಷಲ್ಲಿ ಬರೆಯೋವಾಗ ಇದು ತುಂಬಾ ಆಗುತ್ತೆ, "ಲಕ್ಷ್ಮಿ" ಅನ್ನೋದನ್ನೇ ನಾಲ್ಕು ಸ್ಪೆಲ್ಲಿಂಗಲ್ಲಿ ಬರೀತಾರೆ. ಫೋಲ್ಡರ್ ಓನರ್ ಶೇರ್ ಬಟನ್ ಒತ್ತಿ ಅಲ್ಲಿರೋ ಪಟ್ಟಿನ ಒಂದೊಂದಾಗಿ ನಿಮಗೆ ಓದಿ ಹೇಳ್ಬೇಕು.

ಇಷ್ಟೆಲ್ಲ ಸರಿ ಇದ್ದು, ನಿಮ್ಮದು ಆಫೀಸ್ ಅಕೌಂಟ್ ಆಗಿದ್ರೆ, ಹೊರಗಿನವರ ಜೊತೆ ಶೇರ್ ಮಾಡೋದನ್ನ ನಿಮ್ಮ ಸಂಸ್ಥೆ ಅಡ್ಮಿನ್ನೇ ಮುಚ್ಚಿರಬಹುದು. ಅದು ನಿಮ್ಮ ಕಡೆಯಿಂದ ತೆಗೆಯೋಕಾಗಲ್ಲ. ಸ್ವಂತ ಅಕೌಂಟಿಗೆ ಶೇರ್ ಮಾಡಿಸ್ಕೊಳ್ಳಿ, ಅಥವಾ ಅಡ್ಮಿನ್ ಕೇಳಿ.

ಬ್ರೌಸರಲ್ಲಿ ಕಾಣುತ್ತೆ, ಕಂಪ್ಯೂಟರಿನ ಫೋಲ್ಡರಲ್ಲಿ ಇಲ್ಲವೇ ಇಲ್ಲ

ಇದು ದೋಷ ಅಲ್ಲ, ಡ್ರೈವ್ ಕೆಲಸ ಮಾಡೋ ರೀತಿನೇ ಹಾಗೆ. ಬೇರೆಯವರು ಶೇರ್ ಮಾಡಿದ ಫೋಲ್ಡರು ಶೇರ್ಡ್ ವಿತ್ ಮಿ ಅನ್ನೋ ಕಡೆ ಬಂದು ಕೂರುತ್ತೆ, ಡ್ರೈವ್ ಫಾರ್ ಡೆಸ್ಕ್‌ಟಾಪ್, ಅಂದ್ರೆ ಕಂಪ್ಯೂಟರಿಗೆ ಹಾಕ್ಕೊಳ್ಳೋ ಗೂಗಲ್ ಡ್ರೈವ್ ಆ್ಯಪ್, ಆ ಪಟ್ಟಿನ ಕಂಪ್ಯೂಟರಿಗೆ ತರಲ್ಲ, ಅದು ತರೋದು ಮೈ ಡ್ರೈವ್ ಮತ್ತೆ ಶೇರ್ಡ್ ಡ್ರೈವ್ಸ್. ಹಾಗಾಗಿ ಬ್ರೌಸರಲ್ಲಿ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಆಡ್ ಶಾರ್ಟ್‌ಕಟ್ ಕೊಟ್ಟು ಮೈ ಡ್ರೈವ್ ಒಳಗೆ ಒಂದು ಶಾರ್ಟ್‌ಕಟ್ ಇಡಿ, ಸ್ವಲ್ಪ ಹೊತ್ತಲ್ಲಿ ಕಂಪ್ಯೂಟರಲ್ಲೂ ಬರುತ್ತೆ. 2020ಕ್ಕೆ ಮುಂಚೆ ಒಂದೇ ಫೈಲನ್ನ ಎರಡು ಮೂರು ಫೋಲ್ಡರಲ್ಲಿ ಇಡಬಹುದಿತ್ತು, ಆ ವರ್ಷ ಗೂಗಲ್ ಅದನ್ನ ನಿಲ್ಸಿ ಶಾರ್ಟ್‌ಕಟ್ ಪದ್ಧತಿ ತಂತು, ಹಳೇ ಅಭ್ಯಾಸದವರು ಇಲ್ಲೇ ಎಡವೋದು.

ಶಾರ್ಟ್‌ಕಟ್ ಅಳಿಸಿದ್ರೆ ಮೂಲ ಫೋಲ್ಡರಿಗೆ ಏನೂ ಆಗಲ್ಲ. ಆದ್ರೆ ಶಾರ್ಟ್‌ಕಟ್ ಒಳಗೆ ಹೋಗಿ ಅಲ್ಲಿರೋ ಫೈಲ್ ಅಳಿಸಿದ್ರೆ ಅದು ನಿಜವಾದ ಫೈಲೇ, ಎಲ್ಲರಿಗೂ ಹೋಗುತ್ತೆ. ಹೊಸಬರಿಗೆ ಇದನ್ನ ಮೊದಲ ದಿನವೇ ಹೇಳಿ.

ಇನ್ನೊಂದು, ಡ್ರೈವ್ ಫಾರ್ ಡೆಸ್ಕ್‌ಟಾಪಲ್ಲಿ ಒಟ್ಟಿಗೆ ನಾಲ್ಕು ಅಕೌಂಟ್ ತನಕ ಇಡಬಹುದು. ವಿಂಡೋಸಲ್ಲಿ ಸ್ಟ್ರೀಮಿಂಗ್ (ಫೈಲುಗಳನ್ನ ಆನ್‌ಲೈನಲ್ಲೇ ಇಟ್ಟು ಬೇಕಾದಾಗ ಮಾತ್ರ ಇಳಿಸೋ ರೀತಿ) ಇಟ್ಕೊಂಡಿದ್ರೆ ಒಂದೊಂದಕ್ಕೆ ಒಂದೊಂದು ಡ್ರೈವ್ ಅಕ್ಷರ ಬರುತ್ತೆ. ಮನೆಯವರೆಲ್ಲ ಬಳಸೋ ಲ್ಯಾಪ್‌ಟಾಪಲ್ಲಿ ಲೇಖನ ಒಂದು ಅಕೌಂಟಲ್ಲಿರುತ್ತೆ, ಸೇವ್ ಮಾಡೋದು ಇನ್ನೊಂದರ ಮೈ ಡ್ರೈವಿಗೆ, ಹಸಿರು ಟಿಕ್ ಮಾರ್ಕ್ ಬೇರೆ ಬರುತ್ತೆ, ಯಾಕಂದ್ರೆ ಸಿಂಕ್ ಆಗಿದೆ, ಆದ್ರೆ ಬೇರೆ ಮನೆಗೆ. ಟಾಸ್ಕ್‌ಬಾರಲ್ಲಿರೋ ಡ್ರೈವ್ ಐಕಾನ್ ಒತ್ತಿ ಅಲ್ಲಿ ಯಾರ ಹೆಸರಿದೆ ನೋಡಿ.

ಓಪನ್ ಆಗುತ್ತೆ, ಆದ್ರೆ ಸೇವ್ ಆಗಲ್ಲ

ವರ್ಡ್ ಮೇಲ್ಗಡೆ ರೀಡ್ ಓನ್ಲಿ ಅಂತ ಇದ್ರೆ, ಸೇವ್ ಕೊಟ್ಟಾಗ ಸೇವ್ ಆ್ಯಸ್ ಕೇಳಿದ್ರೆ, ಇಲ್ಲಾ ಡ್ರೈವ್ ಐಕಾನಲ್ಲಿ ನಿಮಗೆ ಈ ಫೈಲ್ ಸಿಂಕ್ ಮಾಡೋ ಪರ್ಮಿಷನ್ ಇಲ್ಲ ಅನ್ನೋ ಅರ್ಥದ ಸಂದೇಶ ಇದ್ರೆ, ನಿಮಗೆ ನೋಡೋಕೆ ಮಾತ್ರ ಅವಕಾಶ ಇದೆ ಅಂತ. ಮೈ ಡ್ರೈವ್ ಒಳಗಿನ ಶೇರ್ಡ್ ಫೋಲ್ಡರಲ್ಲಿ ವ್ಯೂವರ್, ಕಾಮೆಂಟರ್, ಎಡಿಟರ್ ಅಂತ ಮೂರು ದರ್ಜೆ, ಮೇಲೆ ಓನರ್. ಎಡಿಟರ್ ಅಲ್ಲದವರು ತಿದ್ದಿದ್ದು ಮೂಲಕ್ಕೆ ಹೋಗಲ್ಲ. ಓನರ್‌ಗೆ ಹೇಳಿ ಎಡಿಟರ್ ಮಾಡಿಸ್ಕೊಳ್ಳಿ, ಬದಲಾವಣೆ ಆದ್ಮೇಲೆ ಫೈಲ್ ಮುಚ್ಚಿ ಮತ್ತೆ ತೆಗೀರಿ. ದೊಡ್ಡ ಫೋಲ್ಡರ್ ಆದ್ರೆ ಒಳಗಿನ ಫೈಲುಗಳಿಗೆಲ್ಲ ಹೊಸ ಅಧಿಕಾರ ಇಳಿಯೋಕೆ ಹೊತ್ತು ಹಿಡಿಯುತ್ತೆ, ಐದೇ ನಿಮಿಷಕ್ಕೆ ಆಗ್ಲಿಲ್ಲ ಅಂತ ಮತ್ತೆ ತೆಗೆದು ಸೇರ್ಸಿ ಮಾಡ್ಬೇಡಿ.

ಈಗ ಬಹಳ ಜನ ಸಿಕ್ಕಿ ಹಾಕ್ಕೊಳ್ಳೋ ಜಾಗ. ಸಂಸ್ಥೆಗಳಲ್ಲಿ ಶೇರ್ಡ್ ಡ್ರೈವ್ ಅಂತ ಇರುತ್ತೆ, ಅದ್ರಲ್ಲಿರೋ ಫೈಲು ಒಬ್ಬರದಲ್ಲ, ಇಡೀ ತಂಡದ್ದು, ಅಲ್ಲಿ ದರ್ಜೆಗಳು ಬೇರೆ, ವ್ಯೂವರ್, ಕಾಮೆಂಟರ್, ಕಂಟ್ರಿಬ್ಯೂಟರ್, ಕಂಟೆಂಟ್ ಮ್ಯಾನೇಜರ್, ಮ್ಯಾನೇಜರ್. ಕಂಟ್ರಿಬ್ಯೂಟರ್ ಅಂದ್ರೆ ಬ್ರೌಸರಲ್ಲಿ ಫೈಲ್ ಸೇರಿಸಬಹುದು, ತಿದ್ದಬಹುದು, ಆದ್ರೆ ಅದೇ ವ್ಯಕ್ತಿ ಡ್ರೈವ್ ಫಾರ್ ಡೆಸ್ಕ್‌ಟಾಪ್ ಮೂಲಕ ಬಂದ್ರೆ ಬರೀ ಓದೋಕೆ ಸಿಗುತ್ತೆ. ಹಾಗಾಗಿ "ಬ್ರೌಸರಲ್ಲಿ ಆಗುತ್ತೆ, ಕಂಪ್ಯೂಟರ್ ಫೋಲ್ಡರಿಂದ ಆಗಲ್ಲ" ಅಂತ ಯಾರಾದ್ರೂ ಹೇಳಿದ್ರೆ ಆ್ಯಪ್ ಮತ್ತೆ ಹಾಕೋ ಮುಂಚೆ ಅವರು ಕಂಟ್ರಿಬ್ಯೂಟರಾ ಅಂತ ಕೇಳಿ, ಕಂಟೆಂಟ್ ಮ್ಯಾನೇಜರ್ ಮಾಡಿದ್ರೆ ಸರಿ ಹೋಗುತ್ತೆ. ಆದ್ರೆ ಕಂಟೆಂಟ್ ಮ್ಯಾನೇಜರ್ ಆದವರು ಫೈಲ್ ಸರಿಸಬಹುದು, ಟ್ರ್ಯಾಶಿಗೂ ಹಾಕಬಹುದು, ಆದ್ದರಿಂದ ಎಲ್ಲರಿಗೂ ಕೊಡೋದು ನನಗೆ ಸರಿ ಅನ್ಸಲ್ಲ, ಪುಟ ಕಟ್ಟೋರಿಗೆ ಕೊಡಿ, ಉಳಿದೋರು ಬ್ರೌಸರಲ್ಲೇ ಮಾಡ್ಲಿ.

ಒನ್‌ಡ್ರೈವಲ್ಲಿ ಇದೇ ಕಾಯಿಲೆ ಫೈಲ್ ಪಕ್ಕ ಪುಟ್ಟ ಬೀಗದ ಚಿತ್ರವಾಗಿ ಕಾಣುತ್ತೆ. ಬೀಗ ಅಂದ್ರೆ ಓದೋಕೆ ಮಾತ್ರ. ನಿಮಗೆ ಎಡಿಟ್ ಅಧಿಕಾರ ಇದ್ದೂ ಬೀಗ ಬಂದ್ರೆ ಆ ಶೇರ್‌ಪಾಯಿಂಟ್ ಲೈಬ್ರರಿಯ, ಅಂದ್ರೆ ಫೈಲುಗಳಿರೋ ಆ ಜಾಗದ, ಸೆಟ್ಟಿಂಗ್ಸ್ ನೋಡಿಸ್ಬೇಕು, ಚೆಕ್ ಔಟ್ ಮಾಡಿಯೇ (ಬೇರೆಯವರು ಮುಟ್ಟದ ಹಾಗೆ ತಮ್ಮ ಹೆಸರಿಗೆ ತಗೊಂಡೇ) ತಿದ್ದಬೇಕು ಅಂತ ಇಟ್ಟಿದ್ರೆ, ತುಂಬಲೇಬೇಕಾದ ಕಾಲಂ ಇದ್ರೆ, ತುಂಬಿದ್ದು ಸರಿ ಇದ್ಯಾ ಅಂತ ನೋಡೋ ವ್ಯಾಲಿಡೇಷನ್ ಹಾಕಿದ್ರೆ ಇಡೀ ಲೈಬ್ರರಿ ರೀಡ್ ಓನ್ಲಿಯಾಗಿ ಸಿಂಕ್ ಆಗುತ್ತೆ. ಇಲ್ಲಿ ನೀವು ಕಂಪ್ಯೂಟರಲ್ಲಿ ಎಷ್ಟು ಒದ್ದಾಡಿದ್ರೂ ಬೀಗ ತೆಗಿಯಲ್ಲ, ಸೈಟಿನ ಓನರೇ ತೆಗೀಬೇಕು.

ವ್ಯೂವರ್‌ಗಳಿಗೆ ಡೌನ್‌ಲೋಡ್, ಪ್ರಿಂಟ್, ಕಾಪಿ ಬೇಡ ಅಂತ ಓನರ್ ಆ ಗುರುತು ತೆಗೆದಿದ್ರೆ ಅಂಥ ಫೈಲ್ ಕಂಪ್ಯೂಟರಿಗೆ ಇಳಿಯೋದೂ ಇಲ್ಲ, ಅದನ್ನ ಬ್ರೌಸರಲ್ಲಿ ಮಾತ್ರ ಓದಬೇಕು.

ಎಡಿಟರ್ ಇದೀನಿ, ಆದ್ರೂ ಅಪ್ಲೋಡ್ ಆಗಲ್ಲ

ಇದು ಪರ್ಮಿಷನ್ ವೇಷ ಹಾಕ್ಕೊಂಡು ಬರೋ ಜಾಗದ ಸಮಸ್ಯೆ. ಸ್ವಂತ ಗೂಗಲ್ ಅಕೌಂಟಿಗೆ ಉಚಿತವಾಗಿ ಸಿಗೋದು 15 ಜಿಬಿ, ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಮೈ ಡ್ರೈವ್ ಒಳಗಿನ ಶೇರ್ಡ್ ಫೋಲ್ಡರಿಗೆ ನೀವು ಹಾಕಿದ ಫೈಲು ಫೋಲ್ಡರ್ ಯಾರದೇ ಆಗಿರ್ಲಿ ನಿಮ್ಮ ಹೆಸರಲ್ಲೇ ಇರುತ್ತೆ, ನಿಮ್ಮ ಜಾಗವನ್ನೇ ತಿನ್ನುತ್ತೆ. ಹಾಗಾಗಿ ಫೋಲ್ಡರ್ ಓನರ್ ಹತ್ರ 2 ಟಿಬಿ ಪ್ಲಾನ್ ಇದ್ರೂ ನಿಮ್ಮ ಫೋನಿನ ವಾಟ್ಸಾಪ್ ವಿಡಿಯೋ, ಮದುವೆ ಫೋಟೋ ಎಲ್ಲ ಬ್ಯಾಕಪ್ ಆಗಿ 15 ಜಿಬಿ ತುಂಬಿದ್ರೆ ನಿಮ್ಮ ಒಂದು ಪುಟದ ಲೇಖನ ಕೂಡ ಹೋಗಲ್ಲ.

ತಿರುಗಾಮುರುಗಾನೂ ಆಗುತ್ತೆ. ಫೈಲ್ ಓನರಿನ ಜಾಗ ಮಿತಿ ಮೀರಿ ತುಂಬಿದ್ರೆ ಅವರ ಹೆಸರಲ್ಲಿರೋ ಡಾಕ್ಯುಮೆಂಟನ್ನ ಬೇರೆಯವರೂ ತಿದ್ದೋಕೆ ಆಗದೇ ಹೋಗಬಹುದು, ನಮ್ಮಲ್ಲಿ ಒಂದು ಸಲ ಮೂರು ಜನಕ್ಕೆ ಒಂದೇ ಸಲ ಕೈ ಕಟ್ಟಿದಂಗಾಗಿ ಎಲ್ಲರ ಪರ್ಮಿಷನ್ನೂ ಪರೀಕ್ಷೆ ಮಾಡಿ ಮಾಡಿ ಸುಸ್ತಾದ್ಮೇಲೆ ಗೊತ್ತಾಯ್ತು, ಆ ಮೂರೂ ಫೈಲ್ ಶುರು ಮಾಡಿದ್ದವರ ಅಕೌಂಟ್ ತುಂಬಿತ್ತು. ಡ್ರೈವ್ ಪುಟದ ಎಡಗಡೆ ಸ್ಟೋರೇಜ್ ಅಂತ ಇರುತ್ತೆ, ಅಲ್ಲಿ ಕೆಂಪು ಇದ್ಯಾ ನೋಡಿ. ಜಾಗ ಖಾಲಿ ಮಾಡೋವಾಗ ಅವಸರದಲ್ಲಿ ಶೇರ್ಡ್ ಫೋಲ್ಡರಿನ ಫೈಲ್‌ಗಳನ್ನೇ ಅಳಿಸ್ಬೇಡಿ, ಮೊದ್ಲು ದೊಡ್ಡ ಅಟ್ಯಾಚ್‌ಮೆಂಟ್ ಇರೋ ಮೇಲ್, ಆಮೇಲೆ ಬೇಡದ ವಿಡಿಯೋ, ಕೊನೆಗೆ ಟ್ರ್ಯಾಶ್. ಒನ್‌ಡ್ರೈವಲ್ಲಿ ಉಚಿತ ಜಾಗ 5 ಜಿಬಿ, ಅದು ಇನ್ನೂ ಬೇಗ ತುಂಬುತ್ತೆ.

ನಿನ್ನೆ ಇತ್ತು, ಇವತ್ತು ಇಲ್ಲ

ಗಾಬರಿ ಆಗೋದು ಸಹಜ, ಆದ್ರೆ ಈ ಲಕ್ಷಣದಲ್ಲಿ ಫೈಲ್ ಬಹುಪಾಲು ಎಲ್ಲೋ ಬದುಕಿರುತ್ತೆ. ಬ್ರೌಸರಲ್ಲಿ ಫೋಲ್ಡರ್ ತೆಗೆದು ಬಲಗಡೆ ಡೀಟೇಲ್ಸ್ ಒತ್ತಿ ಆ್ಯಕ್ಟಿವಿಟಿ ನೋಡಿ, ಯಾರು ಯಾವಾಗ ಸರಿಸಿದ್ರು, ಯಾರು ಅಳಿಸಿದ್ರು, ಯಾರ ಅಧಿಕಾರ ಬದಲಾಯ್ತು ಎಲ್ಲ ದಿನಾಂಕ ಸಮೇತ ಇರುತ್ತೆ. ಇದನ್ನ ನೋಡದೇ ಗ್ರೂಪಲ್ಲಿ ಯಾರನ್ನೂ ದೂರ್ಬೇಡಿ, ಎಷ್ಟೋ ಸಲ ತಮಗೇ ಗೊತ್ತಿಲ್ಲದೆ ಮೌಸ್ ಜಾರಿ ಫೋಲ್ಡರು ಪಕ್ಕದ ಫೋಲ್ಡರ್ ಒಳಗೆ ಹೋಗಿರುತ್ತೆ. ಒಂದು ಫೋಲ್ಡರಿಂದ ಇನ್ನೊಂದಕ್ಕೆ ಹೋದ ಫೈಲು ಹಳೇ ಫೋಲ್ಡರಿಂದ ಬಂದಿದ್ದ ಅಧಿಕಾರ ಕಳ್ಕೊಂಡು ಹೊಸ ಫೋಲ್ಡರಿನ ಅಧಿಕಾರ ತಗೊಳುತ್ತೆ, ಆ ಹೊಸ ಫೋಲ್ಡರಿಗೆ ನೀವು ಇಲ್ಲ ಅಂದ್ರೆ ನಿಮ್ಮ ಪಾಲಿಗೆ ಅದು ಮಾಯ.

ಫೋಲ್ಡರ್ ಓನರ್ ಫೋಲ್ಡರನ್ನೇ ಅಳಿಸಿದ್ರೆ ಒಳಗಿದ್ದ ನಿಮ್ಮ ಹೆಸರಿನ ಫೈಲ್‌ಗಳು ಅಳಿಯಲ್ಲ, ಮನೆ ಇಲ್ಲದೆ ತೇಲ್ತಾ ಉಳಿಯುತ್ತೆ. ಅದನ್ನ ಹುಡುಕೋಕೆ ಡ್ರೈವಿನ ಸರ್ಚ್ ಬಾಕ್ಸಲ್ಲಿ ಇಂಗ್ಲಿಷಲ್ಲಿ ಇಸ್ ಅಂತ ಬರೆದು ಕೋಲನ್ ಹಾಕಿ ಅನ್‌ಆರ್ಗನೈಸ್ಡ್ ಅಂತ ಬರೀರಿ, ಸ್ಪೆಲ್ಲಿಂಗಲ್ಲಿ ಎಸ್ ಅಲ್ಲ ಝೆಡ್, ಒಂದು ಸ್ಪೇಸ್ ಕೊಟ್ಟು ಓನರ್ ಕೋಲನ್ ಮಿ ಅಂತ ಹಾಕಿ, ಕೋಲನ್ ಅಕ್ಕಪಕ್ಕ ಸ್ಪೇಸ್ ಬೇಡ. ಇದ್ರಲ್ಲಿ ಕಳೆದೋಗಿದ್ದು ಅಂದ್ಕೊಂಡಿದ್ದ ಫೋಟೋಗಳು ಸಿಕ್ಕಿದ್ದು ನೋಡಿದೀನಿ, ಹಳೇ ಕಾರ್ಯಕ್ರಮದ ಕಪ್ಪುಬಿಳುಪು ಸ್ಕ್ಯಾನ್‌ಗಳು, ಒಂದೂ ಬಿಡದೆ.

ಟ್ರ್ಯಾಶಿಗೆ ಹೋದದ್ದು 30 ದಿನಕ್ಕೆ ತಾನಾಗೇ ಅಳಿದೋಗುತ್ತೆ, ಆದ್ರಿಂದ ಇಲ್ಲ ಅಂತ ಗೊತ್ತಾದ ದಿನವೇ ಫೈಲ್ ಓನರಿಗೆ ಫೋನ್ ಮಾಡಿ ಅವರ ಟ್ರ್ಯಾಶ್ ನೋಡಿಸಿ. ಸಂಸ್ಥೆಯ ಅಕೌಂಟ್ ಆದ್ರೆ ಟ್ರ್ಯಾಶ್ ಖಾಲಿ ಆದ ಮೇಲೂ 25 ದಿನದೊಳಗೆ ಅಡ್ಮಿನ್ ವಾಪಸ್ ತರಬಹುದು.

ಯಾರಾದ್ರೂ ಕೆಲಸ ಬಿಟ್ಟು ಹೋದ್ಮೇಲೆ ಫೈಲುಗಳು ಮಾಯ ಆಗಿದ್ರೆ ಅದು ಎಲ್ಲಕ್ಕಿಂತ ಅರ್ಜೆಂಟು. ಅವರ ಅಕೌಂಟ್ ಡಿಲೀಟ್ ಆದ್ರೆ ಅವರ ಹೆಸರಲ್ಲಿದ್ದ ಫೈಲುಗಳೂ ಅದರ ಜೊತೆ ಹೋಗುತ್ತೆ, ಬೇರೆಯವರ ಹೆಸರಿಗೆ ವರ್ಗ ಮಾಡದೇ ಇದ್ರೆ. ಡಿಲೀಟ್ ಆದ ಯೂಸರ್ ಅಕೌಂಟನ್ನ ಅಡ್ಮಿನ್ 20 ದಿನದೊಳಗೆ ಮಾತ್ರ ವಾಪಸ್ ತರೋಕಾಗೋದು. ಇಲ್ಲಿ ನೀವಾಗಿ ಯಾವ ಪ್ರಯೋಗವೂ ಬೇಡ, ಅವತ್ತೇ ಅಡ್ಮಿನ್ ಹತ್ರ ಹೋಗಿ.

ಸೇರಿಸೋವಾಗಲೇ ಇಂಥ ದಿನದ ತನಕ ಅಂತ ಗಡುವು ಇಟ್ಟಿದ್ರೆ ಆ ದಿನ ಕಳೆದ ಮೇಲೆ ಆಕ್ಸೆಸ್ ತಾನಾಗೇ ನಿಲ್ಲುತ್ತೆ, ಆಫೀಸ್ ಅಕೌಂಟುಗಳಲ್ಲಿ ಇದು ಇರುತ್ತೆ. ಓನರ್ ಮತ್ತೆ ಸೇರ್ಸಿದ್ರೆ ಸಾಕು.

ನಾನು ಬರೆದದ್ದು ನನಗೆ ಕಾಣುತ್ತೆ, ಬೇರೆಯವರಿಗೆ ಕಾಣಲ್ಲ

ಡ್ರೈವ್ ಐಕಾನ್ ಒತ್ತಿ ಎರರ್ ಇದ್ಯಾ ನೋಡಿ, ಇದ್ರೆ ಪೂರ್ತಿ ಓದಿ, ಅದ್ರ ಸ್ಕ್ರೀನ್‌ಶಾಟ್ ತಗೊಳ್ಳಿ. ಅಪ್ಲೋಡ್ ಮಾಡೋಕೆ ಆಗದೇ ಹೋದ ಫೈಲ್‌ಗಳನ್ನ ಆ್ಯಪ್ ಕೆಲವು ಸಲ ಲಾಸ್ಟ್ ಅಂಡ್ ಫೌಂಡ್ ಅನ್ನೋ ಫೋಲ್ಡರಿಗೆ ಎತ್ತಿ ಇಡುತ್ತೆ, ಅದು ನಿಮ್ಮ ಕಂಪ್ಯೂಟರಿನಲ್ಲೇ ಡ್ರೈವ್ ಆ್ಯಪಿನ ಡೇಟಾ ಇರೋ ಜಾಗದಲ್ಲಿ ಇರುತ್ತೆ, ವಿಂಡೋಸಲ್ಲಿ ಲೋಕಲ್ ಆ್ಯಪ್ ಡೇಟಾ ಒಳಗೆ ಗೂಗಲ್, ಅದ್ರೊಳಗೆ ಡ್ರೈವ್ ಎಫ್‌ಎಸ್ ಅನ್ನೋ ಫೋಲ್ಡರು, ಅದ್ರೊಳಗೆ ಅಂಕಿಗಳ ಹೆಸರಿನ ಫೋಲ್ಡರಲ್ಲಿ. ಅಲ್ಲಿಂದ ಕಾಪಿ ಮಾಡ್ಕೊಳ್ಳಿ, ಆ ಜಾಗದಲ್ಲಿ ಬೇರೆ ಏನನ್ನೂ ಅಳಿಸೋದು ಸರಿಸೋದು ಮಾಡ್ಬೇಡಿ. ಟೀಚರಮ್ಮನ ಲೇಖನ ಹೋದ ದಿನ ಈ ಜಾಗ ನನಗೆ ಗೊತ್ತಿದ್ದಿದ್ರೆ ಕನಿಷ್ಠ ಒಂದು ಸಲ ಇಣುಕಿ ನೋಡ್ತಿದ್ದೆ.

ಎರಡೆರಡು ಕಾಪಿ ಹುಟ್ಟಿದ್ರೆ, ಅಂದ್ರೆ ಇಬ್ರು ಒಂದೇ ವರ್ಡ್ ಫೈಲನ್ನ ಒಟ್ಟಿಗೆ ತಿದ್ದಿದ್ರೆ, ಯಾವುದನ್ನೂ ಅಳಿಸದೆ ಎರಡನ್ನೂ ಪಕ್ಕಪಕ್ಕ ಇಟ್ಟು ಇಬ್ರೂ ಫೋನಲ್ಲಿ ಕೂತು ಒಂದು ಮಾಡಿ. ನಾವೀಗ ತಿದ್ದೋ ಹಂತದ ಲೇಖನಗಳನ್ನೆಲ್ಲ ಗೂಗಲ್ ಡಾಕ್ಸಲ್ಲೇ ಇಡ್ತೀವಿ, ಪುಟ ಕಟ್ಟೋಕೆ ಹೋಗೋವಾಗ ಮಾತ್ರ ವರ್ಡಿಗೆ ಇಳಿಸ್ತೀವಿ, ಅವತ್ತಿಂದ ಈ ಜಗಳ ನಿಂತಿದೆ.

ಎಲ್ಲ ಹೋಗುತ್ತೆ, ಒಂದೇ ಒಂದು ಫೈಲ್ ಹೋಗಲ್ಲ

ಅಧಿಕಾರ ಸರಿ ಇದ್ದು ಒಂದೇ ಫೈಲ್ ಮೊಂಡು ಹಿಡಿದ್ರೆ ಹೆಸರು ನೋಡಿ. ವಿಂಡೋಸಲ್ಲಿ ಹೆಸರೊಳಗೆ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ಸ್ಲ್ಯಾಶ್, ನಕ್ಷತ್ರ ಇವೆಲ್ಲ ಬರಂಗಿಲ್ಲ, ಮ್ಯಾಕಲ್ಲೋ ಬ್ರೌಸರಲ್ಲೋ "ಕನ್ನಡ ಉಳಿಯುತ್ತಾ?" ಅಂತ ಹೆಸರಿಟ್ಟ ಲೇಖನ ವಿಂಡೋಸಿಗೆ ಬರೋವಾಗ ತಕರಾರು ಮಾಡಬಹುದು. ಕನ್ನಡ ಹೆಸರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ನಮ್ಮ ಕಣ್ಣಿಗೆ "ಸ್ತ್ರೀ" ಒಂದೇ ಅಕ್ಷರ, ಕಂಪ್ಯೂಟರಿಗೆ ಅದು ಆರು, ವಿಂಡೋಸಲ್ಲಿ ಪೂರ್ತಿ ಪಾಥಿಗೆ, ಅಂದ್ರೆ ಫೋಲ್ಡರುಗಳ ಹೆಸರೂ ಫೈಲಿನ ಹೆಸರೂ ಸೇರಿದ ಇಡೀ ವಿಳಾಸಕ್ಕೆ, ಮಾಮೂಲಿ ಮಿತಿ ಇಂಥ 260 ಅಕ್ಷರ, ಫೋಲ್ಡರ್ ಒಳಗೆ ಫೋಲ್ಡರ್ ಒಳಗೆ ಫೋಲ್ಡರ್ ಇಟ್ಟು ಲೇಖನದ ಪೂರ್ತಿ ಶೀರ್ಷಿಕೆನೇ ಹೆಸರಾಗಿ ಕೊಟ್ರೆ ಮಿತಿ ಬೇಗ ಮುಗಿಯುತ್ತೆ. ಕನ್ನಡದಲ್ಲೇ ಹೆಸರಿಡಿ, ಚಿಕ್ಕದಾಗಿಡಿ ಅಷ್ಟೆ.

ಕಂಪ್ಯೂಟರೇ ತಡೀತಿರಬಹುದು

ಇದು ಕೊನೇ ಹಂತದ್ದು. ಬ್ರೌಸರ್ ಪರೀಕ್ಷೆ ಪಾಸ್, ಅಕೌಂಟ್ ಸರಿ, ದರ್ಜೆ ಸರಿ, ಜಾಗ ಇದೆ, ಹೆಸರೂ ಸರಿ, ಆದ್ರೂ ಇಲ್ಲ. ಮ್ಯಾಕಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದ್ರಲ್ಲಿ ಫೈಲ್ಸ್ ಅಂಡ್ ಫೋಲ್ಡರ್ಸಲ್ಲಿ ಡ್ರೈವಿಗೆ ಅನುಮತಿ ಇದ್ಯಾ ನೋಡಿ. ವಿಂಡೋಸಲ್ಲಿ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ರಕ್ಷಣೆಗೆ ಇರೋ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಇದ್ರೆ ಡಾಕ್ಯುಮೆಂಟ್ಸ್ ಥರದ ಜಾಗದಲ್ಲಿ ಬರೆಯೋಕೆ ಆ್ಯಪ್‌ಗಳನ್ನ ಬಿಡದೇ ಇರಬಹುದು, ಅದನ್ನ ಪೂರ್ತಿ ಆಫ್ ಮಾಡ್ಬೇಡಿ, ಡ್ರೈವನ್ನ ಮಾತ್ರ ಅನುಮತಿ ಪಟ್ಟಿಗೆ ಸೇರ್ಸಿ. ಆಮೇಲೆ ಆ್ಯಪ್ ಕ್ವಿಟ್ ಮಾಡಿ ಮತ್ತೆ ಶುರು, ಆಗ್ಲಿಲ್ಲ ಅಂದ್ರೆ ಕಂಪ್ಯೂಟರ್ ರೀಸ್ಟಾರ್ಟ್. ಡಿಸ್ಕನೆಕ್ಟ್, ರೀಇನ್‌ಸ್ಟಾಲ್ ಇವೆಲ್ಲ ಇದ್ರ ಮೇಲೆ, ಅದೂ ಪೆನ್‌ಡ್ರೈವಲ್ಲಿ ಕಾಪಿ ಇದೆ ಅಂತ ತೆಗೆದು ಓದಿ ನೋಡಿದ ಮೇಲೆ. ಆಫೀಸಿನ ಕಂಪ್ಯೂಟರ್ ಆದ್ರೆ ಈ ಸೆಟ್ಟಿಂಗುಗಳನ್ನ ನೀವು ಮುಟ್ಟೋದೇ ಬೇಡ, ಐಟಿಯವರು ಬೇಕಂತಲೇ ಇಟ್ಟಿರ್ತಾರೆ.

ಈ ಅಡ್ಡದಾರಿ ಹಿಡೀಬೇಡಿ

ಸಂಚಿಕೆ ನಾಳೆ ಪ್ರೆಸ್ಸಿಗೆ ಹೋಗ್ಬೇಕು ಅನ್ನೋವಾಗ ಯಾರೋ ಒಬ್ರು ಹೇಳೇ ಹೇಳ್ತಾರೆ, ಲಿಂಕ್ ಇದ್ದೋರೆಲ್ಲ ಎಡಿಟರ್ ಅಂತ ಮಾಡ್ಬಿಡಿ ಮುಗೀತು ಅಂತ. ದಯವಿಟ್ಟು ಬೇಡ. ಆ ಲಿಂಕ್ ಗ್ರೂಪಿಂದ ಗ್ರೂಪಿಗೆ ಹೋಗುತ್ತೆ, ಅದು ಸಿಕ್ಕಿದ ಯಾರು ಬೇಕಾದ್ರೂ ಒಳಗೆ ಬಂದು ತಿದ್ದಬಹುದು. ನಮ್ಮ ಫೋಲ್ಡರಲ್ಲೇ ಸದಸ್ಯರ ಫೋನ್ ನಂಬರ್ ಪಟ್ಟಿ, ಜಾಹೀರಾತು ಕೊಟ್ಟವರ ಬ್ಯಾಂಕ್ ವಿವರ ಎಲ್ಲ ಇತ್ತು, ಈಗ ಅದನ್ನ ಬೇರೆ ಫೋಲ್ಡರಲ್ಲಿ ಇಬ್ಬರಿಗೆ ಮಾತ್ರ ಇಟ್ಟಿದೀವಿ. ಹಾಗೇ ಒಂದೇ ಅಕೌಂಟಿನ ಪಾಸ್‌ವರ್ಡ್ ಎಲ್ಲರಿಗೂ ಹಂಚೋದೂ ಬೇಡ, ಯಾರು ಏನು ಮಾಡಿದ್ರು ಅಂತ ಆ್ಯಕ್ಟಿವಿಟಿಲಿ ಗೊತ್ತಾಗೋದೇ ನಿಂತೋಗುತ್ತೆ. ಸಿಂಕ್ ಸರಿ ಮಾಡ್ಕೊಡ್ತೀನಿ ಅಂತ ಫೋನ್ ಮಾಡಿ ಓಟಿಪಿ ಕೇಳೋರಿಗೆ, ಸ್ಕ್ರೀನ್ ತೋರ್ಸಿ ಅನ್ನೋ ಗುರುತಿಲ್ಲದವರಿಗೆ ಫೋನ್ ಕಟ್ ಮಾಡಿ. ಡಾಕ್ಯುಮೆಂಟ್ ಶೇರ್ ಆಗಿದೆ ಅಂತ ಬರೋ ಮೇಲಲ್ಲೂ ಕಳಿಸಿದವರು ನಿಮಗೆ ಗೊತ್ತಿಲ್ಲ ಅಂದ್ರೆ ಲಿಂಕ್ ಒತ್ತದೆ ನೇರ ಡ್ರೈವ್ ತೆಗೆದು ಶೇರ್ಡ್ ವಿತ್ ಮಿಯಲ್ಲಿ ಇದ್ಯಾ ನೋಡಿ.

ಎಲ್ಲಿ ನಿಲ್ಲಿಸಬೇಕು, ಯಾರಿಗೆ ಏನು ಬರೀಬೇಕು

ಫೈಲ್ ಅಳಿದಿದೆ ಅನ್ನೋ ಅನುಮಾನ ಇದ್ರೆ, ಓನರ್ ಅಕೌಂಟೇ ಇಲ್ಲ ಅಂದ್ರೆ, ನೀವು ಮಾಡದ ಬದಲಾವಣೆ ನಿಮ್ಮ ಹೆಸರಲ್ಲಿ ಆ್ಯಕ್ಟಿವಿಟಿಲಿ ಕಂಡ್ರೆ ಅಲ್ಲೇ ಕೈ ತೆಗೀರಿ. ಕೊನೇದರಲ್ಲಿ ಪಾಸ್‌ವರ್ಡ್ ಬದಲಾಯಿಸಿ, ಟು ಸ್ಟೆಪ್ ವೆರಿಫಿಕೇಷನ್ ಹಾಕಿ, ಓನರಿಗೆ ತಿಳ್ಸಿ. ಉಳಿದಿದ್ದಕ್ಕೆ ಒಂದು ಗಂಟೆ ಮಿತಿ ಇಟ್ಕೊಳ್ಳಿ, ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಓನರಿಗೋ ಅಡ್ಮಿನ್‌ಗೋ ಬರೀರಿ. "ಸಿಂಕ್ ಆಗ್ತಿಲ್ಲ, ನೋಡಿ" ಅಂತ ಬರೆದ್ರೆ ಅವರಿಗೂ ದಾರಿ ಕಾಣಲ್ಲ. ನಮ್ಮ ಗ್ರೂಪಲ್ಲಿ ನಾನು ಪಿನ್ ಮಾಡಿಟ್ಟಿರೋ ಮಾದರಿ ಹೀಗಿದೆ, ಬೇಕಾದವರು ತಗೊಳ್ಳಿ:

"ನಾನು ಲಾಗಿನ್ ಆಗಿರೋ ಇಮೇಲ್ ಇದು. ಫೋಲ್ಡರಿನ ಲಿಂಕ್ ಇದು, ಫೈಲಿನ ಹೆಸರು ಇದು. ಬ್ರೌಸರಲ್ಲಿ ಅಪ್ಲೋಡ್ ಆಯ್ತು ಅಥವಾ ಆಗ್ಲಿಲ್ಲ. ನನ್ನ ದರ್ಜೆ ವ್ಯೂವರ್ ಅಥವಾ ಎಡಿಟರ್ ಅಂತ ತೋರಿಸ್ತಿದೆ. ನನ್ನ ಸ್ಟೋರೇಜಲ್ಲಿ ಇಷ್ಟು ಜಾಗ ಉಳಿದಿದೆ. ಕೊನೇ ಸಲ ಸರಿ ಇದ್ದಿದ್ದು ಇಂಥ ದಿನ ಇಷ್ಟು ಗಂಟೆಗೆ. ಎರರ್ ಸ್ಕ್ರೀನ್‌ಶಾಟ್ ಜೊತೆಗಿದೆ. ಅಪ್ಲೋಡ್ ಆಗದ ಫೈಲಿನ ಕಾಪಿ ಪೆನ್‌ಡ್ರೈವಲ್ಲಿ ಇಟ್ಕೊಂಡಿದೀನಿ, ತೆಗೆದು ನೋಡಿದೀನಿ, ಓದೋಕೆ ಬರುತ್ತೆ."